ತೊಗರಿಬೇಳೆಯ ಸ್ಟ್ಯಾಂಡು

ನಮ್ಮ ಮಾಮಾ ನೆಲದ ಮೇಲೆ ಮಲಗಿದ್ದು ಕಂಡರೆ ಕುಡಿದಿದ್ದಾನೆಂದು ತಿಳಿಯಬೇಡಿ. ಫೋಟೊ ತೆಗೆಯುತ್ತಿರುತ್ತಾನೆ! ಹುಮನಾಬಾದಿನ ಅಡತಿ ಅಂಗಡಿಯಲ್ಲಿ ಧಾನ್ಯ ತೂಗುವ ಕೆಲಸ. ಕ್ಯಾಮೆರಾ ಎಂದರೆ ಗಾಜು ಒಡೆದ ಹಳೆಯ ಮೊಬೈಲು. ಬೇರೆ ತಗೋ ಎಂದರೆ ನನಗೇ ಪಾಠ: "ಹುಚ್ಚಪ್ಪಾ, ಫೋಟೊ ತೆಗಿಯೋದು ಮೊಬೈಲ್ ಅಲ್ಲೋ, ಬೆಳಕು!"

ಈ ಹುಚ್ಚಿಗೆಲ್ಲ ಗುರಿ ಒಂದೇ, ಅತ್ತೆಯದೊಂದು ಫೋಟೊ. ಅತ್ತೆಯ ಎಡಗೆನ್ನೆಯ ಮೇಲೆ ಬಿಳಿ ಮಚ್ಚೆಯಿದೆ. ಬಸವಕಲ್ಯಾಣದಲ್ಲಿ ಮದುವೆಯಾದಾಗ ಫೋಟೊದವನು, "ಮಾರಿ ಆ ಕಡೆ ತಿರುಗಿಸ್ರಿ, ಕಲೆ ಕಾಣ್ತದ" ಎಂದಿದ್ದನಂತೆ. ಆಮೇಲೆ ಯಾರು ಮೊಬೈಲ್ ಎತ್ತಿದರೂ ಅತ್ತೆ ಸೆರಗೆಳೆದುಕೊಂಡು ಅಡುಗೆಮನೆ ಸೇರುವಳು.

ಮಾಮಾ ಬಿಟ್ಟಾನೆಯೇ? ಮೊಬೈಲು ಅಲುಗಬಾರದೆಂದು ಹಳೆ ಅಂಗಿಯ ತೋಳು ಹೊಲಿದು, ತೊಗರಿಬೇಳೆ ತುಂಬಿ, ಅದರ ಮೇಲೆ ಮೊಬೈಲು ಕೂಡಿಸಿದ. ಎಷ್ಟು ಗಟ್ಟಿ ಅಂತೀರಿ! ಒಂದು ದಿನ ಹೇಳದೆ ಕೇಳದೆ ಬೀಗರು ಬಂದರು. ಡಬ್ಬಿಯಲ್ಲಿ ಬೇಳೆಯಿಲ್ಲ. ಅತ್ತೆ ಕತ್ತರಿ ಹುಡುಕಿದಳು.

"ಏ, ನನ್ನ ಸ್ಟ್ಯಾಂಡ್ ಎಲ್ಲಿ?"

"ಕುದ್ಯಾಕತ್ತದರಿ!"

ಬೀಗರು ಎರಡೆರಡು ಸಲ ಬಡಿಸಿಕೊಂಡರು.

ನಾರಾಯಣಪುರದ ಶಿವನ ಗುಡಿಯಲ್ಲಿ ಇನ್ನೂ ಮಜಾ. ಮೇಲಿನ ಕೆತ್ತನೆ ತೆಗೆಯಲು ಅಂಗಾತ ಮಲಗಿ, ಕೈ ನಡುಗಬಾರದೆಂದು ಉಸಿರು ಬಿಗಿಹಿಡಿದ. ಅಲ್ಲಿದ್ದ ಅಜ್ಜಿಯೊಬ್ಬಳು, "ಅಯ್ಯೋ ಶಿವನೇ, ಫಿಟ್ಸ್ ಬಂದದ!" ಎಂದು ಹೊರಗೋಡಿ, ಚಪ್ಪಲಿ ತಂದು ಮೂಗಿಗೆ ಹಿಡಿದಳು. ಮಾಮಾ ದಡಬಡಿಸಿ ಎದ್ದು ಕೂತ. "ನೋಡ್ರಿ, ಹ್ಯಾಂಗ ಎದ್ದ!" ಎಂದು ಅವಳಿಗೆ ಹೆಮ್ಮೆ ಬೇರೆ!

ಮೊನ್ನೆ ಬೇಸಿಗೆಯಲ್ಲಿ ಅತ್ತೆ ಬಾಗಿಲ ಬಳಿ ಜೋಳ ಹಸನು ಮಾಡುತ್ತ ಕೂತಿದ್ದಳು. ಬಿಸಿಲು ಮೆತ್ತಗಾಗಲೆಂದು ಹೊರಗೆ ಬಿಳಿ ಧೋತರ ಅಡ್ಡ ಹಿಡಿದು ನಿಂತವನು ನಾನು. ಮಾಮಾ ಎದುರು ಕೂತ. ಅತ್ತೆಯ ಕೈ ಸೆರಗಿಗೆ ಹೋಯಿತು.

"ಮಾಮಾ, ಬಲಗಡಿಂದ ತಗಿ, ಮಚ್ಚಿ ಕಾಣಂಗಿಲ್ಲ" ಎಂದೆ ನಾನು. ಎಂಥ ದಡ್ಡ ನೋಡಿ!

"ಬಾಯಿ ಮುಚ್ಚಲೇ!" ಎಂದು ಗದರಿದ ಮಾಮಾನ ದನಿ ಅತ್ತೆಯ ಕಡೆ ತಿರುಗಿದಾಗ ಇಳಿದುಹೋಗಿತ್ತು. "ಇಷ್ಟು ವರ್ಷ ನಾ ನೋಡಿದ್ದು ಪೂರಾ ಮಾರಿ. ಅರ್ಧದ್ದು ನನಗ ಬ್ಯಾಡ. ಒಂದ್ ಸಲ ಇತ್ತ ನೋಡು."

ಅತ್ತೆ ನೋಡಿದಳು. ನನ್ನ ಕಣ್ಣು ತುಂಬಿತು.

ತೆಗೆದ ಫೋಟೊವನ್ನು ಅವಳು ಬಹಳ ಹೊತ್ತು ಹಿಡಿದು ಕೂತಳು. "ನಾ ಹಿಂಗ ಕಾಣ್ತೀನೇನ್ರಿ?"

"ಹಿಂಗೇ ಕಾಣ್ತಿ."

"ಹಂಗಾರ ದೊಡ್ಡದು ಮಾಡಿಸ್ರಿ" ಎಂದಳು ಅತ್ತೆ. "ಬಂದವರಿಗೆಲ್ಲ ಕಾಣೂಹಂಗ ಪಡಸಾಲ್ಯಾಗ ಹಾಕೋಣು."