ಬಿಯರ್ ಬಾರ್ಲಿ, ನಾಲ್ಕು ಮೂಟೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕುಡಿತದ ಚಟವಿಲ್ಲ. ಇದ್ದದ್ದು ಮರ್ಯಾದೆಯ ಚಟ. ಹದಿನೆಂಟು ವರ್ಷ ನನ್ನ ಜೊತೆ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿದ ಉರಿಗಾಂನ ಸೆಲ್ವಂ, ಆಗಾಗ ಭಾನುವಾರ ಮನೆಗೆ ಕರೆದು ಬಿಯರ್ ಕುಡಿಸುತ್ತಿದ್ದ. ನಾನು ಒಂದು ಸಲವೂ ಅವನನ್ನು ಕರೆದವನಲ್ಲ. ಅದು ಒಳಗೊಳಗೇ ಕೊರೆಯುತ್ತಿತ್ತು. ಕೊನೆಗೊಂದು ದಿನ, "ಇನ್ನೊಂದು ತಿಂಗಳಿಗೆ ನಮ್ಮನೆಗೆ ಬಾ. ಕೈಯಾರೆ ಮಾಡಿದ ಬಿಯರ್ ಕೊಡ್ತೀನಿ!" ಎಂದುಬಿಟ್ಟೆ. ಇಡೀ ಬೋಗಿ ಕೇಳಿಸಿಕೊಂಡಿತು.

ಮೊಬೈಲಿನಲ್ಲಿ ನೋಡಿದ ವಿಡಿಯೋದಲ್ಲಿ ಎಲ್ಲ ಸುಲಭವಾಗಿತ್ತು. ಬಾರ್ಲಿ ನೆನೆಸಿ ಮೊಳಕೆ ಕಟ್ಟು, ಒಣಗಿಸು, ಬೇಯಿಸು, ಹಾಪ್ಸ್ ಎಂಬ ಕಹಿ ಹೂವು ಹಾಕು, ಈಸ್ಟ್ ಬೆರೆಸಿ ಮುಚ್ಚಿಡು. ರಾಗಿ ಮಾಲ್ಟ್ ಕುಡಿದು ಬೆಳೆದವನಿಗೆ ಮೊಳಕೆ ಒಂದು ಕೆಲಸವೇ? ಹಾಪ್ಸ್ ಬೆಲೆ ನೋಡಿ, ಬೇವಿನ ಹೂವೇ ಸಾಕೆಂದು ತೀರ್ಮಾನಿಸಿದೆ. ಕಹಿಗೆ ತಾನೇ! ಬಾರ್ಲಿ ಮಾತ್ರ ಸಗಟಿನಲ್ಲಿ ಅಗ್ಗವಾಗಿ ಸಿಗಬೇಕಿತ್ತು. ಹುಡುಕುವುದರಲ್ಲೇ ಹತ್ತು ದಿನ ಹೋಯಿತು.

ಕಡೆಗೆ ಬಂಗಾರಪೇಟೆ ಮಾರ್ಕೆಟ್ಟಿನ ಒಂದು ಬೂಸಾ ಅಂಗಡಿಯಲ್ಲಿ ಕೇಳಿದೆ.

"ಬಿಯರ್ ಬಾರ್ಲಿ ಇದೆಯಾ?"

"ಬಿಯರ್ ಫ್ಯಾಕ್ಟ್ರಿದಾ? ಐತೆ. ಮನೇಲಿ ಎಷ್ಟು ಅಸು ಅವೆ ಸಾರ್?"

ಕುಶಲ ವಿಚಾರಿಸುತ್ತಿದ್ದಾನೆ ಎಂದುಕೊಂಡೆ. ಪಾಪ, ಒಳ್ಳೆಯ ಮನುಷ್ಯ.

"ಎರಡು" ಎಂದೆ.

"ಅಂಗಾರೆ ನಾಲ್ಕು ಮೂಟೆ ತಗೊಂಡೋಗಿ."

ಮೂಟೆ ಬಿಚ್ಚಿ ಮೂಸಿದೆ. ಅಪ್ಪಟ ಬಿಯರ್ ವಾಸನೆ! ಮಾಡುವ ಮೊದಲೇ ಈ ವಾಸನೆ ಇದ್ದರೆ ಮಾಡಿದ ಮೇಲೆ ಹೇಗಿರಬೇಡ? ಬೆಲೆಯಂತೂ ನಂಬಲಾರದಷ್ಟು ಕಡಿಮೆ. ಅವನ ಮನಸ್ಸು ಬದಲಾಗುವ ಮೊದಲೇ ನಾಲ್ಕನ್ನೂ ಗೂಡ್ಸ್ ಆಟೋಗೆ ಹಾಕಿಸಿ, ಕಾಮಸಮುದ್ರದ ರಸ್ತೆಯಲ್ಲಿರುವ ನಮ್ಮ ಮನೆಗೆ ತಂದಿಳಿಸಿದೆ.

ಹಸು ಸಾಕಿ ಡೇರಿಗೆ ಹಾಲು ಹಾಕುವವಳು ನನ್ನ ಹೆಂಡತಿ ರತ್ನ. ಮೂಟೆ ನೋಡಿ ಅವಳ ಮುಖ ಅರಳಿತು.

"ಅಸೂಗಾ? ನೀವಾ ತಂದ್ರಿ? ಅಬ್ಬಾ, ಕೊನೆಗೂ ಬುದ್ಧಿ ಬಂತು!"

ಮದುವೆಯಾದ ಮೇಲೆ ಸಿಕ್ಕ ಮೊದಲ ಹೊಗಳಿಕೆ. ಕಳೆದುಕೊಳ್ಳಲು ಮನಸ್ಸಾಗದೆ ಬಿಯರಿನ ವಿಷಯ ಎತ್ತಲಿಲ್ಲ. ಒಂದು ಮೂಟೆಯನ್ನು ಡ್ರಮ್ಮಿನಲ್ಲಿ ನೆನೆಹಾಕಿದಾಗಲೂ, ಹಸುವಿಗಾಗಿ ಕಷ್ಟಪಡುತ್ತಿದ್ದೇನೆಂದು ತಿಳಿದು ಕೇಳದೆಯೇ ಕಾಫಿ ತಂದುಕೊಟ್ಟಳು. ಮಾರನೇ ದಿನ ನೀರು ಬಸಿದು, ಕಾಳನ್ನು ನನ್ನ ರೇಷ್ಮೆ ಅಂಚಿನ ಪಂಚೆಯಲ್ಲಿ ಗಂಟು ಕಟ್ಟಿ, ಮೇಲೊಂದು ಗುಂಡುಕಲ್ಲು ಹೇರಿದೆ.

ಒಂದು ದಿನ ಹೋಯಿತು. ಮೊಳಕೆ ಇಲ್ಲ. ಎರಡನೇ ದಿನ ನೊಣ ಬಂದವು. ಮೂರನೇ ದಿನ ಪಕ್ಕದ ಮನೆ ಮುನಿಯಮ್ಮ ಮೂಗಿಗೆ ಸೆರಗು ಹಿಡಿದುಕೊಂಡು ಬಂದು, "ರತ್ನಾ, ಏನಮ್ಮಾ ಇದು, ಇಲಿ ಗಿಲಿ ಸತ್ತೈತಾ ನೋಡು" ಎಂದಳು.

ರತ್ನ ವಾಸನೆಯ ಜಾಡು ಹಿಡಿದು ಸೀದಾ ಪಂಚೆಯ ಹತ್ತಿರ ಬಂದು ನಿಂತಳು.

"ಬೂಸಾನ ಯಾಕ್ರೀ ಗಂಟು ಕಟ್ಟಿದ್ದೀರಾ?"

"ಬೂಸಾ ಅಲ್ಲ, ಬಾರ್ಲಿ. ಮೊಳಕೆ ಬರ್ಲಿ ಅಂತ. ಬಿಯರ್ ಮಾಡೋಕೆ..."

ಅವಳು ಗಂಟಿನಿಂದ ಒಂದು ಹಿಡಿ ತೆಗೆದು ನನ್ನ ಮೂಗಿಗೆ ಹಿಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಅಲ್ರೀ, ಫ್ಯಾಕ್ಟ್ರಿಯೋರು ಇದನ್ನ ಬೇಯಿಸಿ, ಬಿಯರ್ ಎಲ್ಲಾ ಇಂಡ್ಕೊಂಡು, ಮಿಕ್ಕಿದ್ದನ್ನ ಅಸೂಗೆ ಅಂತ ಮಾರ್ತಾರೆ. ಬೆಂದ ಅನ್ನ ಎಲ್ಲಾದ್ರೂ ಮೊಳಕೆ ಬತ್ತದಾ?"

ಆ ಹೊತ್ತಿನಲ್ಲಿ ಆದ ಸುಸ್ತು ಹದಿನೆಂಟು ವರ್ಷದ ರೈಲಿನಲ್ಲೂ ಆಗಿರಲಿಲ್ಲ. ಹುಳಿ ಬಂದದ್ದನ್ನು ತಿಪ್ಪೆಗೆ ಹೊತ್ತೆ. ಪಂಚೆಯೂ ಹಿಂದೆಯೇ ಹೋಯಿತು. ಉಳಿದ ಮೂರು ಮೂಟೆ ಹಸುಗಳ ಪಾಲಾಗಿ, ಹಾಲು ಹೆಚ್ಚಿತು. "ಇನ್ನೆರಡು ತನ್ರೀ" ಎಂದಳು ರತ್ನ.

ಆದರೆ ಸೆಲ್ವಂ? ಮತ್ತೆ ಬಾರ್ಲಿ ಹುಡುಕಿ, ಮೊಳಕೆ ಕಟ್ಟಿ, ಬಿಯರ್ ಹುದುಗಲು ಬೇಕಾದಷ್ಟು ದಿನ ಉಳಿದಿರಲಿಲ್ಲ. ಅಂಗಡಿಯಿಂದ ತರೋಣವೆಂದರೆ 'ಕೈಯಾರೆ' ಎಂದು ಬೋಗಿಗೆಲ್ಲಾ ಸಾರಿದ್ದೆ. ಬರಬೇಡ ಎನ್ನಲು ಬಾಯಿ ಬರಲಿಲ್ಲ. ಬೆಳಿಗ್ಗೆ ಅವನ ಕಣ್ಣಿಗೆ ಬೀಳದೆ ಬೇರೆ ಬೋಗಿ ಹತ್ತುವುದು, ರಾತ್ರಿ ಅವನ ನಂಬರು ಒತ್ತುವುದು, ಕಟ್ ಮಾಡುವುದು, ಇದರಲ್ಲೇ ಉಳಿದ ಎರಡು ವಾರ ಕಳೆದವು.

ಹೇಳಿದ ತಿಂಗಳು ತುಂಬಿದ ಭಾನುವಾರ ಸರಿಯಾಗಿ ಹನ್ನೊಂದಕ್ಕೆ ಸೆಲ್ವಂ ಬಂದ. ಕೈಯಲ್ಲೊಂದು ಭಾರದ ಚೀಲ. ಒಳಗೆ ಗಾಜಿನ ಸದ್ದು. ನಾನು ಬಾಯಿ ತೆರೆಯುವ ಮೊದಲೇ ಆರು ಬಾಟಲಿ ತೆಗೆದು ಸಾಲಾಗಿ ಜೋಡಿಸಿದ.

"ನಾನು ಮಾಡ್ತೀನಿ ಅಂದಿದ್ನಲ್ಲ ಸೆಲ್ವಂ" ಎಂದೆ.

"ಅಂದೆ ಅಣ್ಣಾ, ಅಂದೆ. ಅದು ಕೇಳಿದ ದಿನಾನೇ ಇದನ್ನ ತಂದು ಇಟ್ಕೊಂಡೆ!"

ನಾಚಿಕೆಯೂ ಆಯಿತು, ಹೊಟ್ಟೆ ತಣ್ಣಗೂ ಆಯಿತು. ಅವನ ಬಿಯರ್, ರತ್ನ ಮಾಡಿದ ಕೋಳಿ ಸಾರು. ನನ್ನದೂ ಏನಾದರೂ ಇರಬೇಕಲ್ಲ ಎಂದು ಗ್ಲಾಸು ತೊಳೆಯಲು ಹೋದೆ.

ಮೂರು ಗ್ಲಾಸಿನಲ್ಲಿ ಎರಡು ಒಡೆಯದೆ ಉಳಿದವು.