ಮರೂದ್ಯಾನದ ಅಲ್ಪಪ್ರಾಣ

ನನಗೊಂದು ದುಶ್ಚಟವಿದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರಿಂದಲೋ ತಿಳಿದು ನೀವು ನೊಂದುಕೊಳ್ಳುವುದು ಬೇಡ. ಎಲೆಯಡಿಕೆಯಲ್ಲ, ಸಿಗರೇಟಲ್ಲ, ಇಸ್ಪೀಟಲ್ಲ. ಶುದ್ಧ ಕನ್ನಡ! ಮೈಸೂರಿನಲ್ಲಿದ್ದಾಗ ಈ ಚಟ ಇರಲಿಲ್ಲ. ಎಲ್ಲರಂತೆ ‘ಬಸ್ ಮಿಸ್ಸಾಯ್ತು’ ಎಂದು ಹೇಳಿಕೊಂಡು ಸುಖವಾಗಿದ್ದೆ. ಡೊಂಬಿವಲಿಗೆ ಬಂದ ಮೇಲೆ ಹತ್ತಿಕೊಂಡಿತು. ಇಲ್ಲಿ ಹಾಲಿನವನ ಹತ್ತಿರ ಹಿಂದಿ, ಎದುರು ಮನೆಯವರ ಹತ್ತಿರ ಮರಾಠಿ, ಆಫೀಸಿನ ಕಾಗದಪತ್ರದಲ್ಲಿ ಇಂಗ್ಲಿಷು, ಹೆಂಡತಿ ತವರಿಗೆ ಫೋನು ಹಚ್ಚಿದರೆ ತುಳು. ಇಷ್ಟರ ನಡುವೆ ನನ್ನ ಕನ್ನಡ ಎಲ್ಲಿ ತುಕ್ಕು ಹಿಡಿಯುತ್ತದೋ ಎಂಬ ಭಯಕ್ಕೆ ಅದನ್ನು ದಿನಾ ಉಜ್ಜತೊಡಗಿದೆ. ಒಮ್ಮೆ ನಮ್ಮ ಕಟ್ಟಡದ ಲಿಫ್ಟು ಕೆಟ್ಟಾಗ ಮೂರನೆಯ ಮಹಡಿಯ ಶೆಟ್ಟರಿಗೆ ‘ಏರುಬಂಡಿ ಕೆಟ್ಟಿದೆ’ ಎಂದೆ. ಪಾಪ, ಅವರು ಮೂರು ಮಹಡಿ ಇಳಿದು ಹೋಗಿ ತಮ್ಮ ಸ್ಕೂಟರನ್ನು ನೋಡಿಕೊಂಡು ಬಂದರು.

ನನ್ನ ಹೆಂಡತಿ ವಿಜಯಾ ಉಡುಪಿಯ ಕಡೆಯವಳು. ‘ನಿಮ್ಮ ಕನ್ನಡ ಅರ್ಥ ಆಗ್ಲಿಕ್ಕೆ ಬೇರೆ ಒಂದು ಕನ್ನಡಕವೇ ಬೇಕು ಮಾರಾಯ್ರೆ’ ಎನ್ನುತ್ತಾಳೆ. ಮಗಳು ಮೇಘನಾ ಇಲ್ಲಿಯೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮೂವರೂ ಒಬ್ಬರನ್ನೊಬ್ಬರು ತಿದ್ದದೆ ಒಂದೇ ಮನೆಯಲ್ಲಿ ಊಟ ಮಾಡಿಕೊಂಡಿದ್ದೆವು. ಎಲ್ಲಾ ಸರಿಯಾಗಿಯೇ ನಡೆಯುತ್ತಿತ್ತು, ಒಂದು ಭಾನುವಾರ ಮೇಘನಾ ತನ್ನ ಮೊಬೈಲಿನಲ್ಲಿ ಅಮ್ಮನಿಗೆ ಒಂದು ವೀಡಿಯೊ ತೋರಿಸುವ ತನಕ.

ಈಜಿಪ್ಟಿನ ಮರಳುಗಾಡಿನ ಒಳಗೆ ಸೀವಾ ಎಂಬ ಊರು. ಸುತ್ತ ಮರಳು, ನಡುವೆ ಖರ್ಜೂರದ ತೋಪು, ಆಚೆಗೆ ಉಪ್ಪಿನ ಕೊಳಗಳು. ನೀಲಿ ನೀರಿನ ಮೇಲೆ ಹೆಚ್ಚುಕಡಿಮೆ ವಿಜಯಾಳದೇ ವಯಸ್ಸಿನ, ಅವಳದೇ ಗಾತ್ರದ ಹೆಂಗಸೊಬ್ಬಳು ಅಂಗಾತ ಮಲಗಿದ್ದಳು. ಮುಳುಗುತ್ತಿರಲಿಲ್ಲ. ನೀರಿನಲ್ಲಿ ಅಷ್ಟು ಉಪ್ಪಂತೆ, ಬೇಕೆಂದರೂ ಮುಳುಗಲಾಗದಂತೆ. ವಿಜಯಾ ಅದನ್ನು ನಾಲ್ಕು ಸಲ ನೋಡಿದಳು. ಒಲೆಯ ಮೇಲೆ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯಿತು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ಹಾಲು ಉಕ್ಕಿಸಿದ್ದು ಅದೇ ಮೊದಲು. ಆಮೇಲೆ ಹೇಳಿದಳು: ‘ಸಮುದ್ರದಿಂದ ಕೂಗಳತೆ ದೂರದಲ್ಲಿ ಹುಟ್ಟಿದವಳು ನಾನು. ಅಣ್ಣಂದಿರೆಲ್ಲ ಈಜಿದರು. ಹೆಣ್ಣುಮಕ್ಕಳು ನೀರಿಗೆ ಇಳೀಬಾರದು ಅಂತ ನನ್ನನ್ನು ದಡದಲ್ಲಿ ನಿಲ್ಲಿಸಿದ್ರು. ಒಂದು ಸಲ, ಒಂದೇ ಒಂದು ಸಲ ನಂಗೆ ತೇಲಬೇಕು.’ ನಾನು ಬಾಯಿ ತೆರೆಯುವ ಮೊದಲೇ ಸೇರಿಸಿದಳು: ‘ಮುಂದಿನ ವರ್ಷ ಅಂತ ಮಾತ್ರ ಹೇಳ್ಬೇಡಿ. ಮದುವೆ ಆದಾಗಿಂದ ಮುಂದಿನ ವರ್ಷವೇ ಆಯ್ತು.’

ನಿಜಕ್ಕೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ಆದರೆ ಅವಳ ಮುಖ ನೋಡಿದೆ. ‘ಹೋಗೋಣ’ ಎಂದುಬಿಟ್ಟೆ. ಎಂದ ಮೇಲೆ ಸುಮ್ಮನಿರಲಾರದೆ, ‘ಇಂಥ ಊರಿಗೆ ಮರೂದ್ಯಾನ ಅಂತಾರೆ ಗೊತ್ತಾ? ಮರು ಅಂದರೆ ಮರಳುಗಾಡು. ಮರು ಕೂಡಿಸು ಉದ್ಯಾನ, ಸವರ್ಣದೀರ್ಘ ಸಂಧಿ’ ಎಂದೆ. ‘ಎಂಥ ಸಂಧಿಯಾದ್ರೂ ಇರ್ಲಿ, ಕರ್ಕೊಂಡು ಹೋದ್ರೆ ಸಾಕು’ ಎಂದಳು ವಿಜಯಾ.

ಯೋಜನೆ ಭರ್ಜರಿಯಾಗಿ ಶುರುವಾಯಿತು. ನಾನೊಂದು ಕಡತ ತೆರೆದೆ. ಚಳಿಗಾಲ ಮುಗಿಯುವ ಮೊದಲೇ ಹೋಗಬೇಕು, ಆಮೇಲೆ ಅಲ್ಲಿ ಬಿಸಿಲಿಗೆ ನಿಲ್ಲಲಾಗುವುದಿಲ್ಲ. ಬುಕಿಂಗ್ ಎಲ್ಲ ಮೇಘನಾ ವಹಿಸಿಕೊಂಡಳು. ಪರೀಕ್ಷೆ ಇದ್ದದ್ದರಿಂದ ಅವಳು ಬರುವ ಹಾಗಿರಲಿಲ್ಲ. ವಿಜಯಾ ದಿನಾ ಸಂಜೆ ದಿವಾನ್ ಮಂಚದ ಮೇಲೆ ಅಂಗಾತ ಮಲಗಿ ಕೈಕಾಲು ಚಾಚಿ ತೇಲುವ ಅಭ್ಯಾಸ ಮಾಡತೊಡಗಿದಳು. ‘ಮಮ್ಮೀ, ಬಾಡಿ ಢೀಲಾ ಛೋಡೋ, ಢೀಲಾ!’ ಎಂದು ಮೇಘನಾ ಪಕ್ಕದಲ್ಲಿ ನಿಂತು ಮೈ ಸಡಿಲ ಬಿಡುವ ತರಬೇತಿ ಕೊಡುವಳು. ವಾರಕ್ಕೊಮ್ಮೆ ನಲ್ಲಿ ನಿಲ್ಲುವ ಬಡಾವಣೆಯಲ್ಲಿ ಬಕೆಟ್ಟು, ಪಾತ್ರೆ, ಕುಕ್ಕರುಗಳಲ್ಲೆಲ್ಲ ನೀರು ತುಂಬಿಟ್ಟುಕೊಂಡು, ನೀರು ನೋಡಲು ಮರಳುಗಾಡಿಗೆ ಹೊರಟ ಸಂಸಾರ ನಮ್ಮದು.

ಉಳಿದದ್ದು ನನ್ನ ರಜೆ. ನಾನು ಕೆಲಸ ಮಾಡುತ್ತಿದ್ದದ್ದು ಬೇಲಾಪುರದ ಒಂದು ಖಾಸಗಿ ಫೈನಾನ್ಸ್ ಕಂಪನಿಯಲ್ಲಿ. ಮೇಲಧಿಕಾರಿ ಜೋಶಿ ಮೇಡಂ, ನಾಸಿಕದ ಕಡೆಯವರು, ಕೆಲಸದ ವಿಷಯದಲ್ಲಿ ಬಲು ಖಡಕ್ಕು. ಆ ಸಲ ಆಡಿಟ್ ಬರುವುದಿತ್ತು. ‘ರಜೆಯ ಹೆಸರೆತ್ತಿದರೆ ನೋಡಿ’ ಎಂದು ಮೊದಲೇ ಎಚ್ಚರಿಸಿದ್ದರು. ರಜೆ ಅರ್ಜಿಯಲ್ಲಿ ‘ಕಾರಣ’ ಎಂಬ ಪುಟ್ಟ ಜಾಗ. ಅಲ್ಲಿ ‘ಟೂರು’ ಎಂದು ಬರೆಯಲು ನಾಚಿಕೆಯಾಯಿತು. ಏನಾದರೂ ಘನವಾದದ್ದು ಬೇಕಿತ್ತು. ಇಂಗ್ಲಿಷ್ ಅಕ್ಷರದಲ್ಲಿ ‘ಮರೂದ್ಯಾನ್ ದರ್ಶನ್, ಪತ್ನಿ ಸಮೇತ’ ಎಂದು ಟೈಪು ಮಾಡಿದೆ. ನೋಡಿ, ಕನ್ನಡದ ದ ಅಲ್ಪಪ್ರಾಣ, ಅದರ ಹೊಟ್ಟೆ ಸೀಳಿದರೆ ಮಹಾಪ್ರಾಣ. ಇಂಗ್ಲಿಷ್ ಅಕ್ಷರಕ್ಕೆ ಈ ಸೂಕ್ಷ್ಮ ತಿಳಿಯದು. ಮೇಡಂ ಅದನ್ನು ‘ಮರೂ ಧ್ಯಾನ್’ ಎಂದು ಬಿಡಿಸಿ ಓದಿಕೊಂಡರು. ಮರಾಠಿಯಲ್ಲಿ ‘ಮರೂ’ ಎಂದರೆ ‘ಸಾಯೋಣ’. ಸಾಯಲು ಕಲಿಸುವ ಯಾವುದೋ ಧ್ಯಾನಕ್ಕೆ ಈ ಮನುಷ್ಯ ಹೆಂಡತಿಯನ್ನು ಕಟ್ಟಿಕೊಂಡು ಹೊರಟಿದ್ದಾನೆ ಎಂದು ಅವರಿಗನ್ನಿಸಿತು. ಇದು ಆಗ ನನಗೆ ತಿಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮೇಡಂ ನನ್ನನ್ನು ಒಳಗೆ ಕರೆದರು. ಬಾಗಿಲು ಮುಚ್ಚಿದರು. ತಾವೇ ಎದ್ದು ಒಂದು ಲೋಟ ನೀರು ಕೊಟ್ಟರು. ಮಾತು ಮರಾಠಿಯಲ್ಲಿ ನಡೆಯಿತು. ನಿಮಗೆ ಕನ್ನಡದಲ್ಲಿ ಒಪ್ಪಿಸುತ್ತೇನೆ.

‘ರಾವ್ ಸಾಹೇಬರೇ, ಮನೆಯಲ್ಲಿ ಎಲ್ಲಾ ಸರಿಯಾಗಿದೆ ತಾನೆ?’

‘ಚೆನ್ನಾಗಿದೆ ಮೇಡಂ. ಇದು ನನ್ನ ಹೆಂಡತಿಯ ಬಹಳ ದಿನದ ಆಸೆ.’

‘ಹೆಂಡತಿಯ ಆಸೆಯೇ!’

‘ಇಬ್ಬರೂ ಕೂತು ಮಾತಾಡಿ ತೀರ್ಮಾನ ಮಾಡಿದೆವು. ಎಲ್ಲದಕ್ಕೂ ಒಂದು ವಯಸ್ಸು ಅಂತಿರುತ್ತಲ್ಲ.’

‘ಮತ್ತೆ ಮಗಳು? ಅವಳೇನನ್ನುತ್ತಾಳೆ?’

‘ಅವಳಿಗೇ ನಮಗಿಂತ ಆತುರ. ಬುಕಿಂಗ್ ಮಾಡಿದ್ದೇ ಅವಳು.’

ಮೇಡಂ ಕಿಟಕಿಯ ಕಡೆಗೆ ತಿರುಗಿ ಮೂಗೊರೆಸಿಕೊಂಡರು. ಅವರ ಮೂಗು ಕೆಂಪಾಗಿತ್ತು. ಎಸಿಯ ಶೀತ ಎಂದುಕೊಂಡೆ. ಹತ್ತು ದಿನ ಕೇಳಿದವನಿಗೆ ಹದಿನೈದು ದಿನ ಮಂಜೂರು ಮಾಡಿದರು. ‘ಆಡಿಟ್ ಹೇಗಾದರೂ ಆಗುತ್ತದೆ, ನೀವು ಮಾತ್ರ ವಾಪಸು ಬನ್ನಿ’ ಎಂದರು. ಇಂಥ ಖಡಕ್ ಹೆಂಗಸಿನಲ್ಲಿ ಪ್ರವಾಸದ ಬಗ್ಗೆ ಇಷ್ಟೊಂದು ಗೌರವವಿದೆಯಲ್ಲ ಎಂದು ನನ್ನ ಕಣ್ಣಿನಲ್ಲಿಯೂ ನೀರು ಬಂತು.

ಆವತ್ತು ಸಂಜೆ ಠಾಣೆ ಊರಿಗೆ ಹೋಗುವ ಲೋಕಲ್ ರೈಲಿನಲ್ಲಿ ನಮ್ಮ ಆಫೀಸಿನ ಸಾವಂತ್ ನನಗೆ ಕಿಟಕಿ ಸೀಟು ಬಿಟ್ಟುಕೊಟ್ಟ. ಈ ಕಡೆಯ ಲೋಕಲ್ಲುಗಳಲ್ಲಿ ಓಡಾಡಿದವರಿಗೆ ಇದರ ಗಾಂಭೀರ್ಯ ಗೊತ್ತು. ಏಳು ವರ್ಷ ಜೊತೆಯಲ್ಲಿ ಪ್ರಯಾಣ ಮಾಡಿದ ಸಾವಂತ್ ನನಗೆ ಜ್ವರ ಬಂದಾಗಲೂ ಆ ಸೀಟು ಬಿಟ್ಟವನಲ್ಲ. ನಾನಾದರೋ, ವಿದೇಶಕ್ಕೆ ಹೊರಟ ಮನುಷ್ಯನಿಗೆ ಸಿಗುವ ಮರ್ಯಾದೆ ಇದು ಎಂದು ತಿಳಿದು ಠೀವಿಯಿಂದ ಗಾಳಿ ಸೇವಿಸಿದೆ.

ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯಲ್ಲಿ ಇಳಿದಾಗ ಕನ್ನಡ ಸಂಘದ ಪಾಟೀಲರು ಸಿಕ್ಕರು, ಧಾರವಾಡದವರು. ಇವರಿಗಾದರೂ ಶುದ್ಧ ಕನ್ನಡ ತಿಳಿದೀತು ಎಂದು ಹೆಮ್ಮೆಯಿಂದ ‘ಮರೂದ್ಯಾನಕ್ಕೆ ಹೊರಟಿದ್ದೇವೆ’ ಎಂದೆ. ಅವರು ಗದ್ದಲದಲ್ಲಿ ಕಿವಿ ಹತ್ತಿರ ತಂದು ‘ಮರು ಧ್ಯಾನಕ್ಕs? ಅಂದ್ರ ಮೊದಲನೇ ಧ್ಯಾನದಾಗ ಫೇಲ್ ಆಗಿದ್ರೇನ್ರೀ?’ ಎಂದರು. ‘ಅಲ್ಲ ಸ್ವಾಮಿ, ಮರೂದ್ಯಾನ, ಅಲ್ಪಪ್ರಾಣ!’ ಎಂದು ಕೂಗಿದೆ. ‘ಹಂಗ ಪ್ರಾಣಕ್ಕ ಅಲ್ಪ ಅನಬ್ಯಾಡ್ರೀ, ಎಲ್ಲಾ ಚೊಲೋ ಆಗತೈತಿ’ ಎಂದು ಬೆನ್ನು ತಟ್ಟಿ ಜನರಲ್ಲಿ ಮರೆಯಾದರು.

ಮನೆಯಲ್ಲಿ ಇದನ್ನೆಲ್ಲ ನಗುನಗುತ್ತ ವರ್ಣಿಸಿದೆ. ವಿಜಯಾ ಅಡುಗೆಮನೆಯಲ್ಲಿದ್ದಳು. ಮೇಘನಾ ಮಾತ್ರ ನಗಲಿಲ್ಲ. ‘ಪಪ್ಪಾ, ಫಾರ್ಮ್ ಮೇಂ ಎಕ್ಸಾಕ್ಟ್ ಕ್ಯಾ ಲಿಖಾ?’ ಎಂದಳು. ಅರ್ಜಿಯಲ್ಲಿ ಬರೆದದ್ದನ್ನು ಹೇಳಿದೆ. ‘ಮರಾಠೀ ಮೇಂ ‘ಮರೂ’ ಮತಲಬ್ ಪತಾ ಹೈ ನಾ?’ ಎಂದು ಕಣ್ಣು ಮುಚ್ಚಿ, ನಾಲಗೆ ಹೊರಹಾಕಿ, ಕತ್ತು ವಾಲಿಸಿ ತೋರಿಸಿದಳು. ಮೇಡಂ ಕೊಟ್ಟ ನೀರು, ಕೆಂಪು ಮೂಗು, ಕಿಟಕಿ ಸೀಟು ಎಲ್ಲವೂ ಒಟ್ಟಿಗೆ ಅರ್ಥವಾದವು. ಅಯ್ಯೋ ದೇವರೇ! ನಾನು ಬದುಕಿದ್ದೇನೋ ಸತ್ತಿದ್ದೇನೋ ಎಂಬುದು ಒಂದು ಮಹಾಪ್ರಾಣದ ಮೇಲೆ ನಿಂತುಬಿಟ್ಟಿತ್ತು.

ಮರುದಿನವೇ ಮೇಡಂಗೆ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ರಜೆ ಹೋಯಿತು, ರಜೆ ಹೋದರೆ ಕೊಳ ಹೋಯಿತು. ಆ ಹೊತ್ತಿಗೆ ವಿಜಯಾ ದರ್ಜಿಯ ಬೆನ್ನು ಹತ್ತಿ ಮುಂಗೈವರೆಗೆ ತೋಳಿರುವ, ಪಾದ ಮುಟ್ಟುವ ಒಂದು ಈಜುಡುಗೆ ಹೊಲಿಸಿ, ಅದನ್ನು ಮೂರು ಸಲ ಇಸ್ತ್ರಿ ಮಾಡಿಟ್ಟಿದ್ದಳು. ಅದರ ಮಡಿಕೆ ನೋಡಿದಾಗಲೆಲ್ಲ ನಿಜ ಹೇಳುವ ಧೈರ್ಯ ಉಡುಗುತ್ತಿತ್ತು. ಅವಳಿಗೂ ಹೇಳಲಿಲ್ಲ, ಸುಮ್ಮನೆ ಗಾಬರಿಯಾಗುತ್ತಾಳೆ ಎಂದುಕೊಂಡೆ. ಆಫೀಸಿನಲ್ಲಿ ಸಾವಂತ್ ತನ್ನ ಡಬ್ಬಿಯ ಬಟಾಟೆವಡೆ ನನಗೇ ಕೊಡುತ್ತಿದ್ದ. ನಾಚಿಕೆಗೇಡಿಯಂತೆ ತಿನ್ನುತ್ತಿದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಜೋಶಿ ಮೇಡಂ! ಹಿಂದೆ ಸಾವಂತ್, ಕೈಯಲ್ಲಿ ಸೇಬಿನ ಚೀಲ. ನನ್ನ ಕಡೆ ತಿರುಗಿಯೂ ನೋಡದೆ ಮೇಡಂ ನೇರವಾಗಿ ಹೋಗಿ ವಿಜಯಾಳ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡರು. ಇದೆಲ್ಲ ಹೆಂಡತಿಯ ಆಸೆ ಎಂದು ನಾನೇ ಹೇಳಿದ್ದೆನಲ್ಲ! ‘ದೀದೀ, ನಿಮಗೆ ಹೆದರಿಕೆಯಾಗುವುದಿಲ್ಲವೇ?’ ಎಂದು ಹಿಂದಿಯಲ್ಲಿ ಕೇಳಿದರು. ಗಂಡನ ಆಫೀಸಿನ ಮೇಡಂ ತನ್ನ ಪ್ರವಾಸ ವಿಚಾರಿಸಲು ಮನೆಗೇ ಬಂದರೆಂದು ವಿಜಯಾಳ ಮುಖ ಅರಳಿತು.

‘ಡರ್ ಕಾಯಕಾ ಮೇಡಂ? ಹಾಥ್-ಪಾಂವ್ ಢೀಲಾ ಛೋಡ್ನೇಕಾ, ಆಂಖ್ ಬಂದ್ ಕರ್ನೇಕಾ, ಬಸ್. ಊಪರ್ ವೋ ಖುದ್ ಉಠಾ ಲೇತಾ ಹೈ’ ಎಂದಳು. ಹೆದರಿಕೆ ಯಾತಕ್ಕೆ, ಕೈಕಾಲು ಸಡಿಲ ಬಿಟ್ಟು ಕಣ್ಣು ಮುಚ್ಚಿದರಾಯಿತು, ಮೇಲಕ್ಕೆ ಅದೇ ಎತ್ತಿಕೊಳ್ಳುತ್ತದೆ! ಸಾವಂತನ ಕೈಯಿಂದ ಒಂದು ಸೇಬು ಉರುಳಿ ಸೋಫಾದಡಿಗೆ ಹೋಯಿತು.

‘ಮತ್ತೆ ರಾವ್ ಸಾಹೇಬರು?’

‘ಇವರಿಗೆ ಧೈರ್ಯ ಸಾಲದು. ಮೊದಲು ನಾನು ಹೋಗುತ್ತೇನೆ, ನೀವು ನೋಡಿಕೊಂಡು ಹಿಂದಿನಿಂದ ಬನ್ನಿ ಅಂದಿದ್ದೇನೆ.’

ಮೇಡಂ ಗಳಗಳನೆ ಅತ್ತುಬಿಟ್ಟರು. ವಿಜಯಾಳಿಗೆ ಕನಿಕರ ಉಕ್ಕಿ ಬಂತು. ಅವರ ಭುಜ ಸವರುತ್ತ, ‘ರೋನೇಕಾ ನಹೀಂ ಮೇಡಂ. ಆಪ್ ಭೀ ಚಲೋ ನಾ! ಸಾಥ್ ಮೇಂ ಜಾಯೇಂಗೆ’ ಎಂದಳು. ಅಳಬೇಡಿ, ನೀವೂ ಬನ್ನಿ, ಒಟ್ಟಿಗೆ ಹೋಗೋಣ ಎಂದು ಕರೆದೇಬಿಟ್ಟಳು! ಮೇಡಂ ಕೈ ಕಿತ್ತುಕೊಂಡು ಎದ್ದು ನಿಂತರು. ಇನ್ನು ತಡೆಯಲಾಗದೆ ನಾನು ‘ಪಾನೀ! ಪಾನೀ ಹೈ ಮೇಡಂ, ಪಾನೀ!’ ಎಂದು ಕಿರುಚಿದೆ. ಸಾವಂತ್ ಅಡುಗೆಮನೆಗೆ ಓಡಿಹೋಗಿ ನನ್ನ ಬಾಯಿಗೆ ಒಂದು ತಂಬಿಗೆ ನೀರು ಸುರಿದ. ನಾನು ಕೆಮ್ಮುತ್ತಿರುವಾಗ ಮೇಘನಾ ಬಂದು ಮೇಡಂ ಮುಂದೆ ವೀಡಿಯೊ ಹಿಡಿದಳು.

ಮೇಡಂ ನೋಡಿದರು. ಮೊದಲು ನಕ್ಕರು, ಅತ್ತದ್ದಕ್ಕಿಂತ ಹೆಚ್ಚು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಮತ್ತೆ ಜೋಶಿ ಮೇಡಂ ಆದರು. ‘ರಾವ್ ಸಾಹೇಬರೇ, ನಿಮ್ಮ ರಜೆ ರದ್ದು. ಆಡಿಟ್ ಇದೆ’ ಎಂದರು. ವಿಷಯವೆಲ್ಲ ಈಗ ತಿಳಿದ ವಿಜಯಾ ಬಗ್ಗಿ ಸೋಫಾದಡಿಯ ಸೇಬು ತೆಗೆದು, ಸೆರಗಿನಲ್ಲಿ ಒರೆಸಿ, ಮೇಜಿನ ಮೇಲಿಟ್ಟಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇಡಂ ಬಾಗಿಲವರೆಗೆ ಹೋದವರು ತಿರುಗಿ ಬಂದರು. ‘ಇನ್ನೊಂದು ಸಲ ತೋರಿಸು’ ಎಂದು ಮೊಬೈಲು ಇಸಿದುಕೊಂಡರು. ‘ನಿಜವಾಗಿಯೂ ಮುಳುಗುವುದಿಲ್ಲವೇ?’ ಎಂದು ಕೇಳಿದ್ದು ವಿಜಯಾಳನ್ನು. ‘ನನ್ನಂಥವಳೂ?’ ‘ಮುಳುಗಲ್ಲ’ ಎಂದಳು ವಿಜಯಾ. ಮೇಡಂ ಸೊಂಟದ ಮೇಲೆ ಕೈಯಿಟ್ಟು ಒತ್ತಿಕೊಂಡರು. ಹದಿನೈದು ವರ್ಷದ ಸೊಂಟನೋವಂತೆ ಅವರಿಗೆ. ‘ದೀದೀ, ಈಗ ತಾನೇ ನೀವು ನನ್ನನ್ನು ಕರೆದಿರಲ್ಲ’ ಎಂದರು ಮೆಲ್ಲಗೆ. ‘ಆಡಿಟ್?’ ಎಂದೆ ನಾನು. ‘ನೀವು ಇದ್ದೀರಲ್ಲ’ ಎಂದರು.

ಹೀಗೆ ನನ್ನ ಹೆಂಡತಿ ನನ್ನ ಮೇಲಧಿಕಾರಿಯ ಜೊತೆ ಮರೂದ್ಯಾನಕ್ಕೆ ಹೋದಳು. ಕಾರು ಹತ್ತುವಾಗ ‘ಬೇಜಾರಾ?’ ಎಂದು ಕೇಳಿದಳು. ‘ಛೆ ಛೆ, ಎಂಥ ಬೇಜಾರು’ ಎಂದೆ. ಬಹಳ ಬೇಜಾರಾಗಿತ್ತು. ಅಷ್ಟು ದಪ್ಪದ ಕಡತ ಮಾಡಿದ್ದೆ. ಅವಳು ಅದನ್ನು ಜೊತೆಗೆ ಒಯ್ಯಲೂ ಇಲ್ಲ.

ಐದನೆಯ ದಿನ ಬೇಲಾಪುರದಲ್ಲಿ, ಮೇಡಂ ಕುರ್ಚಿಯಲ್ಲಿ, ಎದುರಿಗೆ ಇಬ್ಬರು ಆಡಿಟರುಗಳನ್ನು ಕೂರಿಸಿಕೊಂಡು ಕುಳಿತಿದ್ದಾಗ ಮೊಬೈಲಿನಲ್ಲಿ ವೀಡಿಯೊ ಕರೆ ಬಂತು. ಕೊಳದ ದಡದಿಂದ ಯಾರೋ ಹಿಡಿದಿದ್ದರು. ನೀಲಿ ನೀರಿನ ನಡುವೆ ವಿಜಯಾ, ಇಸ್ತ್ರಿ ಮಾಡಿದ ಉಡುಗೆಯಲ್ಲಿ, ಅಂಗಾತ, ಕಣ್ಣು ಮುಚ್ಚಿ, ಕೈಕಾಲು ಚಾಚಿ. ಅವಳನ್ನು ಹಿಡಿದುಕೊಂಡವರು ಯಾರೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಆ ಮುಖ ಅಷ್ಟು ನಿರಾಳವಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಆಡಿಟರು ಏನೋ ಕೇಳಿದರು, ಕಿವಿಗೆ ಬೀಳಲಿಲ್ಲ.

‘ಕಾಣ್ತದಾ?’ ಎಂದು ಕಣ್ಣು ತೆರೆಯದೆಯೇ ಕೂಗಿದಳು ವಿಜಯಾ. ‘ನೀವು ಬಾರದ್ದು ಒಳ್ಳೆದೇ ಆಯ್ತು ಮಾರಾಯ್ರೆ! ದಡದಲ್ಲಿ ನಿಂತು ಹುಷಾರು, ಹುಷಾರು ಅಂತ ಹೇಳಿ ಹೇಳಿಯೇ ನನ್ನನ್ನು ಮುಳುಗಿಸಿಬಿಡ್ತಿದ್ರಿ.’

‘ಹು’ ಎಂದಿದ್ದೆ ನಾನು. ‘ಷಾರು’ ಎನ್ನುವುದನ್ನು ನುಂಗಿಕೊಂಡೆ.