ಹದಿನಾಲ್ಕು ಕಿಲೋ ತೂಕದ ಆಟ

ನಮ್ಮ ಭಾವನವರು ಒಂದು ಆಟ ಕಂಡುಹಿಡಿದಿದ್ದಾರೆ. ಅದರಲ್ಲಿ ಇದುವರೆಗೆ ಯಾರೂ ಸೋತಿಲ್ಲ! ಎಂಥ ಒಳ್ಳೆಯ ಆಟ ಎಂದು ಹಿಗ್ಗಬೇಡಿ. ಮೊನ್ನೆಮೊನ್ನೆಯವರೆಗೆ ಯಾರೂ ಗೆದ್ದೂ ಇರಲಿಲ್ಲ. ಏಕೆಂದರೆ ಅದನ್ನು ಕೊನೆಯವರೆಗೆ ಆಡಿದ ಮನುಷ್ಯಪ್ರಾಣಿ ಈ ಭೂಮಿಯ ಮೇಲೆ ಸಿಕ್ಕಿರಲಿಲ್ಲ.

ಭಾವನವರೆಂದರೆ ನನ್ನ ಯಜಮಾನರ ಅಣ್ಣ. ಪೀಣ್ಯದ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತಮೂರು ವರ್ಷ ದುಡಿದು ನಿವೃತ್ತರಾದವರು. ಯಾವ ವಸ್ತುವೇ ಆಗಲಿ, ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಅವರಿಗೆ ಊಟ ಸೇರುವುದಿಲ್ಲ. ಅಕ್ಕ, ಅಂದರೆ ನನ್ನ ಓರಗಿತ್ತಿ, ಚಪಾತಿ ಲಟ್ಟಿಸುವಾಗ ಅವರನ್ನು ಅಡುಗೆಮನೆಯೊಳಗೆ ಬಿಡುವುದಿಲ್ಲ. ಒಮ್ಮೆ ಬಿಟ್ಟಿದ್ದಕ್ಕೆ ಆರು ಚಪಾತಿ ‘ರಿಜೆಕ್ಟ್’ ಆಗಿದ್ದವಂತೆ!

ಇಂಥವರು ಆಟ ಮಾಡಿದರೆ ರಟ್ಟಿನಲ್ಲಿ ಮಾಡುತ್ತಾರೆಯೇ? ನನ್ನ ಮದುವೆಗೂ ಮೊದಲೇ, ಕಾರ್ಖಾನೆಯಲ್ಲಿ ಮಿಕ್ಕ ತುಂಡುಗಳನ್ನು ಸೂಪರ್‌ವೈಸರರ ಅನುಮತಿ ಪಡೆದು ತೆಗೆದುಕೊಂಡು, ಉಕ್ಕಿನ ಹಲಗೆಗೆ ಇನ್ನೂರು ತೂತು ಕೊರೆದು, ಹಿತ್ತಾಳೆಯ ಐದು ಕಾಯಿಗಳನ್ನು ಲೇತ್‌ನಲ್ಲಿ ತಿರುವಿ ತೆಗೆದರು. ದಾಳವೂ ಉಕ್ಕಿನದೇ. ಅದು ಒಮ್ಮೆ ಕೈತಪ್ಪಿ ಬಿದ್ದು ಅವರ ನಡುಮನೆಯ ಟೈಲ್ಸ್ ಒಡೆದಿದೆ, ಇನ್ನೊಮ್ಮೆ ನಮ್ಮ ಯಜಮಾನರ ಹೆಬ್ಬೆರಳು. ಎಲ್ಲ ಸೇರಿ ಹದಿನಾಲ್ಕು ಕಿಲೋ. ಇಡುವುದಕ್ಕೊಂದು ಟ್ರಂಕು.

ಆಟ ಇಷ್ಟೇ. ಕಾರ್ಖಾನೆಯ ಗೇಟಿನಿಂದ ಹೊರಟು ಮನೆ ಸೇರಬೇಕು. ದಾರಿಯುದ್ದಕ್ಕೂ ತೂತುಗಳ ಪಕ್ಕದಲ್ಲಿ ಅಕ್ಷರ ಕೆತ್ತಿದ್ದಾರೆ. ‘ಬಸ್ಸಿನಲ್ಲಿ ಸೀಟು ಸಿಕ್ಕಿತು, ನಿದ್ದೆ ಬಂತು, ಸ್ಟಾಪು ದಾಟಿತು: ಆರು ತೂತು ಹಿಂದೆ.’ ‘ಊಟದ ಡಬ್ಬಿ ಬಿಟ್ಟು ಬಂದಿರಿ: ಇಪ್ಪತ್ತು ತೂತು ಹಿಂದೆ.’ ಎಲ್ಲಕ್ಕಿಂತ ಘೋರವಾದದ್ದು ನೂರ ಎಂಬತ್ತೊಂದನೆಯ ತೂತು. ‘ಮೆಷಿನ್ ಆಫ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ: ಮೊದಲಿನಿಂದ.’

ಇದರ ಜೊತೆಗೆ ಕಾಯಿಗಳ ಬಿಗಿ! ತೂತಿಗೂ ಕಾಯಿಗೂ ನಡುವೆ ಗಾಳಿ ಆಡದಂತೆ ಮಾಡಿದ್ದಾರೆ ಪುಣ್ಯಾತ್ಮರು. ಏಪ್ರಿಲ್ ತಿಂಗಳಲ್ಲಿ ಒಂದು ಕಾಯಿಯನ್ನು ಮುಂದೆ ನಡೆಸಬೇಕಾದರೆ ಒಬ್ಬರು ಹಲಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೊಬ್ಬರಿ ಎಣ್ಣೆ ಬಿಡಬೇಕು.

ದಾಸರಹಳ್ಳಿಯ ಅವರ ಮನೆಗೆ ಬಂದವರೆಲ್ಲ ಒಮ್ಮೆಯಾದರೂ ಈ ಹಲಗೆಯ ಮುಂದೆ ಕೂತು, ಒಮ್ಮೆಯಾದರೂ ತಪ್ಪಿಸಿಕೊಂಡು ಓಡಿದವರೇ. ನಮ್ಮ ಯಜಮಾನರು ಬಾರದ ಫೋನನ್ನು ಕಿವಿಗಿಟ್ಟುಕೊಂಡು “ಹೌದಾ? ಈಗಲೇ ಬಂದೆ” ಎಂದು ಹೊರಟುಬಿಡುತ್ತಾರೆ. ಸತ್ಯನಾರಾಯಣ ಪೂಜೆಗೆ ಬಂದಿದ್ದ ಪುರೋಹಿತರು ರಾಹುಕಾಲದಲ್ಲೇ ಎದ್ದು ಹೋದರು! ನಾನೇನು ಕಡಿಮೆಯೇ? ಮದುವೆಯಾದ ಹೊಸತರಲ್ಲಿ, ನಲವತ್ತೊಂದನೆಯ ತೂತಿನಲ್ಲಿದ್ದಾಗ, “ಹಾಲು ಉಕ್ತಿದೆ” ಎಂದು ಎದ್ದೆ. ಹಾಲು ಕಾಯಿಸಿಟ್ಟು ಆಗಲೇ ನಾಲ್ಕು ಗಂಟೆಯಾಗಿತ್ತು.

ಭಾವನವರಿಗೆ ಕೋಪವಿಲ್ಲ. ಕೊರಗು ಮಾತ್ರ ಇದೆ. “ಟ್ರಯಲ್ ಆಗದೇ ಇರೋ ಜಾಬನ್ನ ನಾನು ಯಾವತ್ತೂ ಪಾಸ್ ಮಾಡಿಲ್ಲಮ್ಮ. ಇದೊಂದು ಹಂಗೇ ಉಳ್ಕೊಂಬಿಡ್ತು. ಒಂದೇ ಒಂದು ಸಲ ಪೂರ್ತಿ ಆಡಿದ್ರೆ ಸಾಕಿತ್ತು” ಎನ್ನುತ್ತಾರೆ. ಅದನ್ನು ಹೇಳುವಾಗ ಅವರು ನಮ್ಮ ಮುಖ ನೋಡುವುದಿಲ್ಲ, ಹಲಗೆಯ ಧೂಳು ಒರೆಸುತ್ತಿರುತ್ತಾರೆ.

ಹೀಗಿರುವಾಗ ನನ್ನ ಮಗಳು ಫೋನಿನಲ್ಲಿ ಏನನ್ನೋ ನೋಡಿ ಕೂಗಿದಳು. ವೈಟ್‌ಫೀಲ್ಡ್ ಕಡೆ, ಕುಂದಲಹಳ್ಳಿಯ ಒಂದು ಹಾಲ್‌ನಲ್ಲಿ ಬೋರ್ಡ್ ಗೇಮ್ ಕನ್ವೆನ್ಷನ್ ಅಂತೆ. ಕೂತು ಆಡುವ ಆಟಗಳದ್ದೇ ಒಂದು ಮೇಳ. ಸ್ವಂತ ಆಟ ಮಾಡಿದವರಿಗೂ ಒಂದು ಟೇಬಲ್ ಕೊಡುತ್ತಾರಂತೆ. “ಅಮ್ಮ, ದೊಡ್ಡಪ್ಪನ ಹೆಸರು ಕೊಟ್ಬಿಟ್ಟೆ. ನಂಗೆ ಪರೀಕ್ಷೆ ಇದೆ, ನೀನೇ ಕರ್ಕೊಂಡು ಹೋಗು” ಎಂದಳು.

ಆ ಭಾನುವಾರ ಭಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಸಿದ್ಧರಾಗಿದ್ದರು. ಹೊರಡುವಾಗ ಅಕ್ಕನಿಗೆ ಹೇಳಿದರು: “ಇವತ್ತೂ ಮುಗೀಲಿಲ್ಲ ಅಂದ್ರೆ ಮುಗೀತು ಕಣೆ. ಕಾಯಿಗಳನ್ನ ಕರಗಿಸಿ ನಿಂಗೆ ದೀಪ ಮಾಡಿಸ್ಕೊಟ್ಬಿಡ್ತೀನಿ.”

“ಜೋಡಿ ದೀಪ ಆಗುತ್ತಾ ನೋಡಿ” ಎಂದಳು ಅಕ್ಕ. ಆದರೆ ನನ್ನನ್ನು ಗೇಟಿನ ಬಳಿ ತಡೆದು ಮೆಲ್ಲಗೆ, “ಯಾರನ್ನಾದ್ರೂ ಹಿಡಿದು ಕೂರಿಸೇ. ಎರಡು ದಿನದಿಂದ ಪಾಲಿಷ್ ಹಾಕ್ತಾ ಕೂತಿದಾರೆ, ಸರಿಯಾಗಿ ತಿಂದೂ ಇಲ್ಲ” ಎಂದು ಚಿತ್ರಾನ್ನದ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿದಳು.

ಮೆಟ್ರೊದಲ್ಲಿ ಟ್ರಂಕು ತಪಾಸಣೆಯ ಯಂತ್ರದೊಳಗೆ ಹೋಯಿತು. ಯಂತ್ರ ನಿಂತಿತು. ಸೆಕ್ಯೂರಿಟಿಯವನು ಪರದೆಯನ್ನು ನೋಡಿದ, ನಮ್ಮನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ.

“ಇದೇನ್ ಸಾರ್ ಇದು?”

“ಆಟ.”

“ಆಟಾನಾ? ಹೆಂಗ್ ಆಡೋದು?”

ಇದುವರೆಗೆ ಈ ಪ್ರಶ್ನೆಯನ್ನು ತಾನಾಗಿಯೇ ಕೇಳಿದ ಮೊದಲ ವ್ಯಕ್ತಿ ಇವನು! ಭಾವನವರ ಮುಖ ಅರಳಿತು. “ನನ್ನ ಲೆಕ್ಕದಲ್ಲಿ ಐದು ಗಂಟೆ ಹಿಡಿಯುತ್ತೆ. ಒಂದು ಸ್ಟೂಲ್ ಇದ್ಯಾ?” ಎಂದು ಟ್ರಂಕಿನ ಬೀಗಕ್ಕೆ ಕೈ ಹಾಕಿದರು. “ಹೋಗಿ ಸಾರ್, ಹೋಗಿ ಹೋಗಿ” ಎಂದು ಅವನೇ ಟ್ರಂಕನ್ನು ಎತ್ತಿ ಆಚೆ ಇಟ್ಟ. ಆಟದಿಂದ ಓಡಿದವರ ಪಟ್ಟಿಗೆ ಮೆಟ್ರೊ ಕೂಡ ಸೇರಿತು.

ಕುಂದಲಹಳ್ಳಿಯ ಹಾಲ್‌ನ ಬಾಗಿಲಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಆ ಕಟ್ಟಡ ಅವರದ್ದೇ. ಒಳಗೆ ನೂರಾರು ಹುಡುಗ ಹುಡುಗಿಯರು ರಟ್ಟಿನ ಹಲಗೆಗಳ ಮೇಲೆ ಬಾಗಿ, ಯುದ್ಧಕ್ಕೆ ಕೂತವರಂತೆ ಹುಬ್ಬು ಗಂಟಿಕ್ಕಿಕೊಂಡಿದ್ದರು. ಮುಂದಿನ ಮೇಜಿನಲ್ಲಿ ವ್ಯವಸಾಯದ ಆಟ. ಹೊಲ ಉಳುವುದು, ಬಿತ್ತುವುದು, ಕಟ್ಟಿಗೆಯ ಪುಟ್ಟ ಕುರಿಗಳನ್ನು ಸಾಕುವುದು.

“ಇದೇ ಜಾಗದಾಗೆ ನಮ್ಮಪ್ಪ ರಾಗಿ ಬೆಳೀತಿದ್ದ ಕಣಮ್ಮ” ಎಂದರು ಆ ಹಿರಿಯರು. “ಈಗ್ ನೋಡು, ಈ ಐಕ್ಳು ಟಿಕೀಟ್ ತಕಂಡು ಒಳಕ್ ಬಂದು ರಟ್ಟಿನ್ ಮ್ಯಾಲೆ ಬೆಳೀತಾವೆ! ಅದ್ಸರಿ, ಇದೇನ್ ಸಾಮಿ ಟ್ರಂಕು? ಅಡ್ಗೆ ಕಂಟ್ರ್ಯಾಕ್ಟಾ?”

ನಮಗೆ ಸಿಕ್ಕ ಮೇಜು ಮೂಲೆಯಲ್ಲಿ, ಏಸಿಯ ಕೆಳಗೇ ಇತ್ತು. ಹಲಗೆ ಇಟ್ಟ ಕೂಡಲೇ ಮೇಜು ಒಮ್ಮೆ ನರಳಿತು. ಒಂದು ಗಂಟೆ ಯಾರೂ ಆಡಲು ಕೂರಲಿಲ್ಲ. ಬಂದವರು ಹಿತ್ತಾಳೆ ಕಾಯಿಗಳನ್ನು ಮುಟ್ಟಿ, “ವಾವ್” ಎಂದು ಫೋಟೊ ತೆಗೆದು ಹೋದರು. ಭಾವನವರು ಪ್ರತಿ ಸಲವೂ ಎದ್ದು ನಿಲ್ಲುವರು, ಕೂರುವರು. ನನಗಂತೂ ನೋಡಲಾಗಲಿಲ್ಲ.

ಆಗ ಗಡ್ಡದ ಹುಡುಗನೊಬ್ಬ ಇಬ್ಬರು ಗೆಳೆಯರ ಜೊತೆ ಬಂದ. ಅವರಿಗೆ ಬೇಕಾದ ಮೇಜು ಇನ್ನೂ ಖಾಲಿಯಾಗಿರಲಿಲ್ಲ. “ಬಾ ಮಗಾ, ಅಲ್ಲೀವರ್ಗೂ ಇಲ್ಲಿ ಕೂರೋಣ” ಎಂದು ಕೂತು, “ಎಷ್ಟೊತ್ತಿನ ಗೇಮ್ ಅಂಕಲ್?” ಎಂದು ಕೇಳಿದ.

ಭಾವನವರು ಸತ್ಯ ನುಡಿಯಲು ಬಾಯಿ ತೆರೆದರು. ನಾನು ಅಡ್ಡ ಬಂದೆ. “ಶುರು ಮಾಡಪ್ಪ, ಹೊತ್ತು ಹೋಗೋದೇ ಗೊತ್ತಾಗಲ್ಲ.”

ಐದನೆಯ ಕಾಯಿ ಭಾವನವರದ್ದೇ; ನಾಲ್ಕನೆಯವಳಾಗಿ ಒಬ್ಬ ಹುಡುಗಿ ತಾನಾಗಿಯೇ ಬಂದಳು. ಗದಗದ ಕಡೆಯವಳು, ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಕೆಲಸ, ಅಂದು ವಾರದ ರಜೆ. ಹಲಗೆಯ ಅಕ್ಷರಗಳನ್ನು ಓದುತ್ತ ಓದುತ್ತ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಅಯ್ಯ, ಇದು ನಮ್ಮ ಕಂಪನಿ ಬಸ್ಸಿನ ಕತೀನ ಐತಲ್ರೀ ಅಂಕಲ್! ಡಬ್ಬಿ ಬಿಟ್ಟು ಬರೋದು ಸೈತ!”

ಇನ್ನು ಕಾಯಿಗಳು. ನಾನು ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಕಾಯುತ್ತಿದ್ದೆ. ನೋಡಿದರೆ, ಕಾಯಿಗಳು ಬೆಣ್ಣೆಯಿಂದ ಎತ್ತಿದಂತೆ ಮೇಲೆದ್ದು ಬರುತ್ತಿವೆ! ಭಾವನವರು ತಲೆಯೆತ್ತಿ ಏಸಿಯನ್ನು ನೋಡಿದರು. “ಥತ್! ಇವನ್ನ ತೂತಿಗೆ ಅಳೆದು ಕೂರಿಸಿದ್ದು ಅಳತೆ ರೂಮಿನ ತಣ್ಣನೆ ಏಸಿಯಲ್ಲಿ ಕಣಮ್ಮ. ಮನೆ ಸೆಕೆಗೆ ಹಿತ್ತಾಳೆ ಹಿಗ್ಗಿಬಿಡ್ತಿತ್ತು. ಇಷ್ಟು ವರ್ಷ ಓಡಿಹೋದ ಜನಾನ ಮನಸ್ಸಲ್ಲೇ ಬೈಕೊಂಡೆನಲ್ಲ!”

ಎರಡು ಗಂಟೆಗೆ ಚಿತ್ರಾನ್ನವನ್ನು ಆರು ಪಾಲು ಮಾಡಿದೆ. ಹುಡುಗರಿಗೆ ಬೇಕಾಗಿದ್ದ ಮೇಜು ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು. ಗಡ್ಡದ ಹುಡುಗ ಮೂರನೇ ಸಲ ಬಸ್ಸಿನಲ್ಲಿ ನಿದ್ದೆ ಹೋಗಿ ತಲೆ ಚಚ್ಚಿಕೊಳ್ಳುತ್ತಿದ್ದ. ಭಾವನವರ ಅವಸ್ಥೆ ಇನ್ನೂ ಕೆಟ್ಟದ್ದು. ಅವರು ಎರಡು ಸಲ ಮೆಷಿನ್ ಆಫ್ ಮಾಡಿದೆನೋ ಇಲ್ಲವೋ ಎಂದು ಗೇಟಿಗೆ ಮರಳಿದ್ದರು. “ತೂತು ಕೊರೆದವರೇ ಬಿದ್ರಲ್ಲ ಗುರುವೇ!” ಎಂದು ಹುಡುಗರು ಚಪ್ಪಾಳೆ ತಟ್ಟಿದರು.

ನಾಲ್ಕೂವರೆಗೆ ಗದಗದ ಹುಡುಗಿಗೆ ಆರು ಬಿತ್ತು. ಒಂದೊಂದೇ ಎಣಿಸಿದಳು. ಕಡೆಯ ತೂತೂ ಮುಗಿಯಿತು. ಹಲಗೆಯ ನಡುವೆ ‘ಮನೆ’ ಎಂದು ಕೆತ್ತಿದ್ದ ದುಂಡನೆಯ ಜಾಗ ಮಾತ್ರ ಉಳಿದಿತ್ತು. ಅವಳು ಕಾಯಿಯನ್ನು ಕೈಯಲ್ಲಿ ಹಿಡಿದು ಅಲ್ಲಿ ನೋಡಿದಳು, ಇಲ್ಲಿ ನೋಡಿದಳು.

“ಅಂಕಲ್, ಇದನ್ನ ಎಲ್ಲಿ ಇಡ್ಲಿ? ಮನಿಗೆ ತೂತ ಇಲ್ಲಲ್ರೀ?”

ಇರಲಿಲ್ಲ! ಇನ್ನೂರು ತೂತು ಕೊರೆದವರು ಅದೊಂದನ್ನು ಕೊರೆದೇ ಇರಲಿಲ್ಲ. ಟ್ರಯಲ್ ಆದ ಮೇಲೆ ನೋಡಿಕೊಂಡು ಕೊರೆಯೋಣ ಎಂದು ಬಿಟ್ಟಿದ್ದರಂತೆ. ನಿಯಮದ ಪುಸ್ತಕದ ಕಡೆಯ ಪುಟವೂ ಖಾಲಿ. ಮನೆ ಸೇರಿದ ಮೇಲೆ ಏನು ಎಂಬುದು ಅವರಿಗೇ ಗೊತ್ತಿರಲಿಲ್ಲ. ಅಲ್ಲಿಗೆ ಯಾರಾದರೂ ಬಂದಿದ್ದರಲ್ಲವೇ!

ಎಲ್ಲರೂ ಅವರ ಮುಖವನ್ನೇ ನೋಡಿದರು. ಅವರು ಫೋನ್ ತೆಗೆದು, ಸ್ಪೀಕರ್ ಹಾಕಿ ಅಕ್ಕನಿಗೆ ಕರೆ ಮಾಡಿದರು.

“ಲೇ, ನಾನು ಡ್ಯೂಟಿ ಮುಗಿಸ್ಕೊಂಡು ಮನೆಗೆ ಬರ್ತಿದ್ನಲ್ಲ, ಬಂದ್ಮೇಲೆ ಏನಾಗ್ತಿತ್ತು?”

“ಯಾಕ್ರೀ? ಎಲ್ಲಾದ್ರೂ ಬಿದ್ರಾ?”

“ಇಲ್ವೇ, ಆಟಕ್ಕೆ. ಹೇಳು.”

“ಏನಾಗ್ತಿತ್ತು? ತಟ್ಟೆ ಹಾಕ್ತಿದ್ದೆ. ಮಕ್ಕಳೂ ನಾನೂ ಅಲ್ಲೀವರೆಗೂ ಕಾಯ್ಕೊಂಡು ಕೂತಿರ್ತಿದ್ವಿ.”

“ಮತ್ತೆ ನಾನು, ನಿಮ್ದು ಊಟ ಆಯ್ತಾ ಅಂದ್ರೆ, ಹಸಿವಿರಲಿಲ್ಲ ಅಂತಿದ್ದೆ?”

“ಹಸಿವಿಲ್ದೆ ಏನು! ಕಾದಿದ್ವಿ ಅಂತ ಹೇಳಿದ್ರೆ ನೀವು ನಾಳೆಯಿಂದ ಕಾಯ್ಬೇಡಿ ಅಂತಿದ್ರಿ.”

ಭಾವನವರು ಫೋನ್ ಇಟ್ಟರು. ಪೆನ್ಸಿಲ್ ತೆಗೆದು ಖಾಲಿ ಪುಟದಲ್ಲಿ ನಿಧಾನವಾಗಿ ಬರೆದರು: ‘ಮೊದಲು ಬಂದವರು ಗೆದ್ದಂತಲ್ಲ. ಎಲ್ಲರೂ ಬರುವ ತನಕ ಆಟ ಮುಗಿಯುವುದಿಲ್ಲ.’

“ಅಂಕಲ್, ಹಂಗಂದ್ರೆ ಇದ್ರಲ್ಲಿ ಎಲ್ರೂ ಒಟ್ಟಿಗೇ ಗೆಲ್ಲೋದಾ?” ಎಂದ ಗಡ್ಡದ ಹುಡುಗ.

“ಹಂಗೇ ಅನ್ಸುತ್ತಪ್ಪ” ಎಂದರು ಭಾವನವರು. “ತೂತು ಆಮೇಲೆ ಕೊರೀತೀನಿ. ಈಗ ಬಂದ ಕಾಯಿಗಳು ಈಯಮ್ಮನ ಕೈಲಿರಲಿ.”

ಹಾಗೆ ನನ್ನ ಅಂಗೈ ಮನೆಯಾಯಿತು. ಐದೂಮುಕ್ಕಾಲರ ಹೊತ್ತಿಗೆ ಅದರಲ್ಲಿ ನಾಲ್ಕು ಹಿತ್ತಾಳೆ ಕಾಯಿಗಳು ಬೆಚ್ಚಗೆ ಕೂತಿದ್ದವು. ಐದನೆಯದು, ಭಾವನವರದ್ದು, ಮೂರು ಹೆಜ್ಜೆ ಆಚೆ ನಿಂತಿತ್ತು. ಮೂರಕ್ಕಿಂತ ಹೆಚ್ಚು ಬಿದ್ದರೆ ಕಾಯಿ ಕದಲುವಂತಿಲ್ಲ. ಐದು ಬಿತ್ತು. ಆರು ಬಿತ್ತು. ಮತ್ತೆ ಐದು. ಸುತ್ತಲಿನ ಮೇಜುಗಳೆಲ್ಲ ಖಾಲಿಯಾಗಿದ್ದವು. ಬಿಳಿ ಪಂಚೆಯ ಹಿರಿಯರು ಬೀಗದ ಕೈ ಹಿಡಿದು ಬಂದರು.

“ಆಯ್ತೇನಮ್ಮ? ಬಾಕ್ಲು ಆಕ್ಬೇಕು.”

“ಒಂದ್ ನಿಮಿಷ ತಡೀರಿ ಅಜ್ಜಾರ” ಎಂದಳು ಗದಗದ ಹುಡುಗಿ. “ಅಂಕಲ್ ಇನ್ನಾ ಮನಿಗೆ ಬಂದಿಲ್ರೀ.”

ಹಿರಿಯರು ಹಲಗೆಯನ್ನೊಮ್ಮೆ ನೋಡಿದರು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿ ಎಳೆದುಕೊಂಡು ಕೂತರು. “ದಾಳ ಆಕಿ ಸಾಮಿ, ಬತ್ತದೆ.”

ಎರಡು ಬಿತ್ತು. ಉಳಿದದ್ದು ಒಂದೇ. ನಾಲ್ಕು ಬಿತ್ತು. ಯಾರೂ ಏಳಲಿಲ್ಲ. ಇನ್ನೂ ಎಷ್ಟು ಸಲ ಹಾಕಿದರೋ, ಎಣಿಸಲಿಲ್ಲ. ಕೊನೆಗೆ ಒಂದು ಬಿತ್ತು.

ಭಾವನವರು ಕಾಯಿಯನ್ನು ಎತ್ತಿ ನನ್ನ ಅಂಗೈಯಲ್ಲಿ ಇಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ, ತಲೆ ತಗ್ಗಿಸಿಕೊಂಡೇ ಕೇಳಿದರು: “ಬಹಳ ಹೊತ್ತು ಕಾಯಿಸ್ಬಿಟ್ಟೆ, ಅಲ್ವಾ?”

ಒಂದೂವರೆ ಗಂಟೆಯ ಹಿಂದೆಯೇ ಮನೆ ಸೇರಿದ್ದ ಆ ಹುಡುಗಿ, ಕೆಳಗೆ ಬಿದ್ದಿದ್ದ ಪೆನ್ಸಿಲನ್ನು ಎತ್ತಿಕೊಡುತ್ತ ಹೇಳಿದಳು:

“ಇಲ್ ಬಿಡ್ರೀ ಅಂಕಲ್. ನಾವೂ ಈಗ ಬಂದ್ವಿ.”